ಮಗಳಿಗೊಂದು ಪತ್ರ: ಕೇಳಿದ ಕೂಡಲೇ ನಂಬರ್ ಕೊಡಬೇಡ

ಕಲಬುರಗಿ
ಜನವರಿ, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ "ಅಪ್ಪನ ಶುಗರ್ ಎಷ್ಟಿದೆ ಅವ್ವ?" ಅಂತ ಕೇಳಿದೆ. ನಾನು "ಆರಾಮಿದ್ದಾರೆ" ಅಂದು ಬೇರೆ ಮಾತು ತೆಗೆದೆ. ಅವರು ಪಕ್ಕದಲ್ಲೇ ಕೂತಿದ್ದರು, ಅವರೆದುರು ಹೇಳಲು ಮನಸ್ಸಾಗಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ನಿನಗೆ ಸುಳ್ಳು ಹೇಳಿದ ಹಾಗಾಯಿತಲ್ವಾ. ಬೆಳಿಗ್ಗೆ ಚಹಾ ಕುಡಿಯುವಾಗ "ಮಗಳಿಗೆ ಎಲ್ಲ ಬರೆಯಲಾ?" ಅಂತ ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ, ಅವಳಿಗೂ ಗೊತ್ತಾಗಲಿ" ಅಂದರು. ಅವರು ಒಪ್ಪಿದ ಮೇಲೇ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ವಾರ ಅವರಿಗೆ ರಕ್ತ ಪರೀಕ್ಷೆ ಮಾಡಿಸಿದ್ದು ನಿನಗೆ ಗೊತ್ತು. ಒಬ್ಬ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್ ಎಲ್ಲ ಅವನೇ ಮೊಬೈಲಿನಲ್ಲಿ ತುಂಬಿಕೊಂಡ. ಸಂಜೆ ರಿಪೋರ್ಟ್ ವಾಟ್ಸಾಪಿಗೆ ಬಂತು. ಎಚ್‌ಬಿಎ1ಸಿ 8.1. ಈ ಪರೀಕ್ಷೆ ಒಂದು ದಿನದ ಲೆಕ್ಕ ಹೇಳೋದಿಲ್ಲ, ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. 6.5 ದಾಟಿದರೆ ಸಕ್ಕರೆ ಕಾಯಿಲೆ ಅಂತಲೇ ಅರ್ಥ. ಡಾಕ್ಟರು ಹೆದರಿಸಲಿಲ್ಲ. ಊಟದ ನಂತರ ದಿನಕ್ಕೆ ಎರಡು ಮಾತ್ರೆ, ದಿನಾ ನಡಿಗೆ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ನಿಮ್ಮಪ್ಪ ಆ ರಿಪೋರ್ಟನ್ನು ಮನೆತನದ ಗ್ರೂಪಿಗೆ ಹಾಕಿಬಿಟ್ಟರು. ಗ್ರೂಪಿನಲ್ಲಿ ಅರವತ್ತು ಜನ ಇದ್ದಾರೆ. ಕಾಕಾ, ಮಾಮಾ, ಬೀಗರು, ಬೀಗರ ಕಡೆಯವರು, ನಾನು ಮುಖವನ್ನೇ ನೋಡದವರು. ಒಬ್ಬರು ಹಾಗಲಕಾಯಿ ರಸ ಅಂದರು, ಒಬ್ಬರು ಮೆಂತ್ಯದ ನೀರು ಅಂದರು. ಎಲ್ಲರದೂ ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಹಾಳೆಯ ಮೇಲೆ ಅವರ ಹೆಸರು, ವಯಸ್ಸು, ನಂಬರ್ ಎಲ್ಲ ಇತ್ತು.

ವಾರ ಕಳೆಯುವುದರೊಳಗೆ ಫೋನ್ ಬರತೊಡಗಿದವು. ಒಂದು ಸಲ ನಾನೇ ಎತ್ತಿದೆ. ನಮ್ಮ ಕಡೆಯ ಮಾತೇ ಆಡುವ ಹುಡುಗಿ. "ಸರ್ ಅದಾರೇನ್ರಿ? ಅವರಿಗಿ ಶುಗರ್ ಬಂದದಲ್ರೀ, ಅದರ ಸಲುವಾಗಿ ಮಾಡೀನ್ರಿ." ನನಗೆ ಎದೆ ಝಲ್ಲೆಂದಿತು. ನಮ್ಮ ಮನೆಯ ಕಾಯಿಲೆ ಇವಳಿಗೆ ಹೇಗೆ ಗೊತ್ತು? ಫೋನ್ ಇಟ್ಟುಬಿಟ್ಟೆ. ನಿಮ್ಮಪ್ಪ ಇಡಲಿಲ್ಲ. ಕಾಯಿಲೆ ಗೊತ್ತಿದೆ ಅಂದಮೇಲೆ ಆಸ್ಪತ್ರೆ ಕಡೆಯವರೇ ಇರಬೇಕು ಅಂದುಕೊಂಡರು. ಎರಡು ಡಬ್ಬಿ ಪುಡಿ ತರಿಸಿದರು, 4,600 ರೂಪಾಯಿ. ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ನಿಲ್ಲಿಸಿ ಅಂತ ಅವಳು ಹೇಳಿದಳಂತೆ. ನಿಲ್ಲಿಸಿದರು. ನನಗೆ ಹೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ ಊರಿನ ಹೊಲಕ್ಕೆ ಹೋಗಿದ್ದೆವು. ನಿನಗೆ ರಜೆ ಸಿಗಲಿಲ್ಲ ಅಂತ ಬೇಜಾರಿತ್ತು. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆವು. ಪ್ರತಿ ವರ್ಷ ಹೊಲದ ತುಂಬ ಎಡೆಯ ಚರಗ ಚೆಲ್ಲಲು ಎಲ್ಲರಿಗಿಂತ ಮುಂದೆ ಹೋಗುವವರು ಅವರೇ ಅಲ್ವಾ? ಈ ಸಲ ಅರ್ಧ ಬದುವಿಗೇ ಕೂತುಬಿಟ್ಟರು. ಅಂಗಾಲು ಉರಿಯುತ್ತಿದೆ ಅಂದರು. ಮೂರು ತಂಬಿಗೆ ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ನಿನ್ನ ಅಜ್ಜ, ಮುತ್ಯಾ ಇದ್ದಾಗ ಎತ್ತಿನ ಜೊತೆ ಓಡುತ್ತಿದ್ದ ಮನುಷ್ಯ, ತೊಗರಿ ಸಾಲಿನ ನಡುವೆ ಚಪ್ಪಲಿ ಬಿಟ್ಟು ಹಸಿ ಮಣ್ಣಿನಲ್ಲಿ ಪಾದ ಒತ್ತಿಕೊಂಡು ಕೂತಿದ್ದರು. ಆ ಪಾದಗಳು ಇನ್ನೂ ನನ್ನ ಕಣ್ಣ ಮುಂದೆ ಇವೆ.

ಮನೆಗೆ ಬಂದು ಉಳಿದ ಮಾತ್ರೆ ಎಣಿಸಿದೆ. ಮೂರು ವಾರದಿಂದ ಒಂದೂ ಕಡಿಮೆಯಾಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿಸಿದರೆ 238. ಖಾಲಿ ಹೊಟ್ಟೆಯಲ್ಲಿ 126 ಇದ್ದರೇ ಸಕ್ಕರೆ ಕಾಯಿಲೆ ಅನ್ನುತ್ತಾರೆ, ನೀನೇ ಯೋಚಿಸು.

ಆ ಡಬ್ಬಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ಮುಂದೆ ದೊಡ್ಡ ಅಕ್ಷರದಲ್ಲಿ ಹಸಿರು ಎಲೆ, ಗ್ಲೂಕೋಮೀಟರಿನ ಚಿತ್ರ. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದಿದ್ದರು: ಔಷಧಿಯಾಗಿ ಬಳಸಲು ಅಲ್ಲ. ಅವರೇ ಬರೆದಿದ್ದಾರೆ ಮಗಳೇ! ಫೋನಿನಲ್ಲಿ ಔಷಧಿ ಅಂತ ಮಾರಿದ್ದು, ಡಬ್ಬಿಯ ಮೇಲೆ ಔಷಧಿ ಅಲ್ಲ ಅಂತ ಬರೆದದ್ದು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯಿಂದಲೇ ಈ ದೇಶದಲ್ಲಿ ನಿಷಿದ್ಧ. ನಾನು ಹುಟ್ಟುವ ಮೊದಲಿನ ಕಾನೂನು ಅದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ದುಡ್ಡು ಬರುತ್ತದೋ ಇಲ್ಲವೋ, ದೂರು ಅಂತೂ ದಾಖಲಾಗಿದೆ. ಈಗ ಮಾತ್ರೆಯನ್ನು ಜನೌಷಧಿ ಕೇಂದ್ರದಿಂದ ತರುತ್ತೇವೆ. ಆ ಪುಡಿಯ ದುಡ್ಡಿನಲ್ಲಿ ಅವರಿಗೆ ಕೆಲವು ವರ್ಷದ ಮಾತ್ರೆ ಬರುತ್ತಿತ್ತು.

ನಂಬರ್ ಎಲ್ಲಿಂದ ಹೋಯಿತು? ಪರೀಕ್ಷೆ ಮಾಡಿದವರಿಂದಲೋ, ಗ್ರೂಪಿನಿಂದಲೋ, ಔಷಧಿ ಅಂಗಡಿಯ ಬಿಲ್ಲಿನಿಂದಲೋ, ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪಿನಿಂದಲೋ. ಯಾರ ಮೇಲೂ ಬೊಟ್ಟು ಮಾಡಿ ಹೇಳಲಾರೆ. ನನಗೆ ಜಾಸ್ತಿ ನೋವಾಗಿದ್ದು ಅದೇ. ಯಾವ ಬಾಗಿಲಿನಿಂದ ಹೋಯಿತು ಅಂತ ಕೂಡ ಗೊತ್ತಾಗದಷ್ಟು ಬಾಗಿಲು ತೆಗೆದಿಟ್ಟಿದ್ದೇವೆ.

ಅವತ್ತಿನಿಂದ ನಾನು ನಂಬರ್ ಕೊಡುವುದನ್ನು ಬಿಟ್ಟಿದ್ದೇನೆ. ಹೋದ ವಾರ ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ, 240 ರೂಪಾಯಿಯ ಎರಡು ಟವೆಲ್. ಕೌಂಟರಿನ ಹುಡುಗ "ನಂಬರ್ ಹೇಳ್ರಿ ಮೇಡಂ" ಅಂದ. "ಟವೆಲಿಗಿ ನಂಬರ್ ಯಾಕ್ ಬೇಕಪ್ಪಾ?" ಅಂದೆ. ಅದಿಲ್ಲದೆ ಕಂಪ್ಯೂಟರ್ ಮುಂದೆ ಹೋಗೋದಿಲ್ಲ ಅಂದ. ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ನನಗೂ ನಾಚಿಕೆಯಾಯಿತು, ಸುಳ್ಳೇಕೆ. ಮೊದಲಾದರೆ ಹೇಳಿಬಿಡುತ್ತಿದ್ದೆ. ಈ ಸಲ ಟವೆಲ್ ಕೌಂಟರಿನ ಮೇಲೆ ಇಟ್ಟು, "ಹಂಗಾದ್ರ ಬ್ಯಾಡ ಬಿಡು" ಅಂದೆ. ಮಾಲೀಕರು ಎದ್ದು ಬಂದು ಎರಡು ನಿಮಿಷದಲ್ಲಿ ಬಿಲ್ ಮಾಡಿಕೊಟ್ಟರು. ಕಂಪ್ಯೂಟರ್ ಮುಂದೆ ಹೋಯಿತು. ಬಿಲ್ಲಿಗೆ ನಂಬರ್ ಕೊಡಲೇಬೇಕು ಅಂತ ಅಂಗಡಿಯವರು ಹಟ ಹಿಡಿಯಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ನೀನು ಬೆಂಗಳೂರಿನ ಮಾಲ್‌ಗಳಲ್ಲಿ ಕೊಡುತ್ತಲೇ ಇರುತ್ತೀಯ ಅಂತ ನನಗೆ ಗೊತ್ತು. ಇನ್ನು ಮೇಲೆ ಒಂದು ಸಲ "ಯಾಕೆ?" ಅಂತ ಕೇಳು. ಆ ಕೌಂಟರಿನ ಹುಡುಗನ ಮೇಲೆ ಮಾತ್ರ ಸಿಟ್ಟಾಗಬೇಡ, ಅವನಿಗೆ ಮೇಲಿನವರು ಹೇಳಿದ್ದನ್ನು ಮಾಡುತ್ತಾನೆ.

"ಮುಚ್ಚಿಡೋಕೆ ನಮ್ಮ ಹತ್ರ ಏನಿದೆ ಅವ್ವ?" ಅಂತ ನೀನು ಒಮ್ಮೆ ಕೇಳಿದ್ದೆ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ವಯಸ್ಸಿನಲ್ಲಿ ಅವರಿಗೆ ಮುಚ್ಚಿಡುವಂಥದ್ದು ಏನಿತ್ತು? ಮುಚ್ಚಿಡುವುದು ಬೇರೆ, ಯಾರಿಗೆ ಹೇಳಬೇಕು ಅಂತ ನಾವೇ ತೀರ್ಮಾನಿಸುವುದು ಬೇರೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರು ಕಳ್ಳರಲ್ಲವಲ್ಲ. ಆಮೇಲೆ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಅಂತಲೇ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು, ಹಂತ ಹಂತವಾಗಿ ಜಾರಿಯಾಗುತ್ತವೆ. ಒಳ್ಳೆಯದೇ. ಆದರೆ ನಿಮ್ಮಪ್ಪ ಮಾತ್ರೆ ಬಿಟ್ಟ ಆ ಮೂರು ವಾರದಲ್ಲಿ ಯಾವ ಕಾಯ್ದೆಯೂ ನಮ್ಮ ಮನೆಯ ಫೋನಿಗೆ ಅಡ್ಡ ಬರಲಿಲ್ಲ.

ಇನ್ನೊಂದು ಮಾತು. ಇದನ್ನು ಫೋನಿನಲ್ಲಿ ಕೇಳಲು ಸಂಕೋಚವಾಗಿತ್ತು. ನಿನ್ನ ಮುಟ್ಟಿನ ದಿನಗಳನ್ನು ಆ್ಯಪಿನಲ್ಲಿ ಬರೆದಿಡುತ್ತೀಯಲ್ಲ, ಹಬ್ಬಕ್ಕೆ ಬಂದಾಗ ನೋಡಿದೆ. ಹೊಟ್ಟೆನೋವು, ಮನಸ್ಸು ಹೇಗಿದೆ, ಎಲ್ಲ ಕೇಳುತ್ತದೆ ಅದು. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಮೂಲೆಗೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದೆ. ಬೇರೆಯವರಿಗೆ ಅದು ಹಾಲಿನ ಲೆಕ್ಕ. ನಿಮ್ಮ ಅಜ್ಜಿ, ಆಯಿಗೆ ಮಾತ್ರ ಗೊತ್ತಾಗುತ್ತಿತ್ತು. ಅವತ್ತು ಅವರು ಏನೂ ಕೇಳದೆ ನನ್ನ ಕೈಯಿಂದ ನೀರಿನ ಕೊಡ ಇಸಿದುಕೊಳ್ಳುತ್ತಿದ್ದರು. ಆ ಚುಕ್ಕಿ ನಮ್ಮಿಬ್ಬರ ನಡುವೆಯೇ ಉಳಿಯಿತು.

ಆ್ಯಪಿನ ಚುಕ್ಕಿ ಎಲ್ಲಿಗೆ ಹೋಗುತ್ತದೆ? ಫ್ಲೋ ಅನ್ನುವ ಮುಟ್ಟಿನ ಆ್ಯಪ್, ಗುಟ್ಟಾಗಿಡುತ್ತೇವೆ ಅಂತ ಮಾತು ಕೊಟ್ಟು, ಹೆಂಗಸರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಕಳಿಸಿತು ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತ್ತು. 2021ರಲ್ಲಿ ಆ ಕಂಪನಿ ರಾಜಿ ಮಾಡಿಕೊಂಡಿತು. ನೀನು ಬಳಸುವುದು ಯಾವುದು ಅಂತ ನಾನು ಕೇಳೋದಿಲ್ಲ, ಅದು ನಿನ್ನ ವಿಷಯ. ಡೈರಿಯಲ್ಲೂ ಬರೆದಿಡಬಹುದು ಅಂತ ಹೇಳಬೇಕು ಅನ್ನಿಸಿತು, ಅಷ್ಟೇ. ಈ ಸಲದ ಪಾರ್ಸೆಲಿನಲ್ಲಿ ಒಂದು ಪುಟ್ಟ ಕ್ಯಾಲೆಂಡರ್ ಇಟ್ಟಿದ್ದೇನೆ.

ಊಟದ ವಿಷಯಕ್ಕೆ ಬರುತ್ತೇನೆ. "ಜೋಳದ ರೊಟ್ಟಿ ತಿನ್ನೋರಿಗೆ ಶುಗರ್ ಬರೋದಿಲ್ಲ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಇನ್ನು ಹೇಳೋದಿಲ್ಲ. ನಿಮ್ಮಪ್ಪ ಹುಟ್ಟಿದಾಗಿನಿಂದ ರೊಟ್ಟಿಯನ್ನೇ ತಿಂದವರು. ಜೋಳದಲ್ಲಿ ನಾರು ಇದೆ, ಹೊಟ್ಟೆ ಬೇಗ ಹಸಿಯೋದಿಲ್ಲ, ಅದೆಲ್ಲ ನಿಜ. ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಮುತ್ಯಾ ನಾಲ್ಕು ರೊಟ್ಟಿ ತಿಂದು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ಇವರು ಅದೇ ನಾಲ್ಕು ರೊಟ್ಟಿ ತಿಂದು ಅಂಗಡಿಯ ಗಲ್ಲೆಯ ಮುಂದೆ ಕೂರುತ್ತಾರೆ. ಈಗ ಎರಡು ರೊಟ್ಟಿ, ಜೊತೆಗೆ ಬಟ್ಟಲು ತುಂಬ ಪುಂಡಿ ಸೊಪ್ಪಿನ ಪಲ್ಯ, ತೊಗರಿ ಬೇಳೆ, ಹಸಿ ಸೌತೆಕಾಯಿ. ಚಹಾಕ್ಕೆ ಸಕ್ಕರೆ ಇಲ್ಲ. ಮೊದಲ ವಾರ ಮುಖ ಗಂಟು ಹಾಕಿಕೊಂಡಿದ್ದರು, ಈಗ ರೂಢಿಯಾಗಿದೆ.

ನೀನು ಆಫೀಸಿನಲ್ಲಿ ತಿನ್ನುವ ಆ ಸಿರಿಧಾನ್ಯದ ಬಿಸ್ಕೆಟ್ ಇದೆಯಲ್ಲ, ಖಾಲಿ ಪೊಟ್ಟಣ ನಿನ್ನ ಚೀಲದಲ್ಲಿ ಸಿಕ್ಕಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲೆ ಎಲ್ಲ ಪೊಟ್ಟಣದ ಮೇಲೂ ತೆನೆಯ ಚಿತ್ರ ಬಂದಿದೆ. ಹಿಂದೆ ಓದಿದೆ: ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ. ರಾಗಿ, ಜೋಳ ಎಲ್ಲೋ ಕೊನೆಯಲ್ಲಿ. ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲ ಮೂರು ಹೆಸರು ಓದಿದರೆ ಸಾಕು. ತಿನ್ನಲೇಬೇಡ ಅನ್ನೋದಿಲ್ಲ, ಮೈದಾ ಬಿಸ್ಕೆಟ್ ಅಂತ ತಿಳಿದು ತಿನ್ನು.

ಆನ್‌ಲೈನಿನಲ್ಲಿ ತರಿಸಿದ ಜೋಳದ ಹಿಟ್ಟಿನ ರೊಟ್ಟಿ ಹರಿಯುತ್ತದೆ ಅಂತ ಅತ್ತಿದ್ದೆಯಲ್ಲ, ನಿನ್ನ ಕೈಯ ತಪ್ಪಲ್ಲ ಅದು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ಮಂಗಳವಾರ ಗಿರಣಿಯಲ್ಲಿ ಎದುರಿಗೇ ನಿಂತು ಬೀಸಿಸಿದ್ದೇನೆ, ಇನ್ನೂ ಘಮ ಇದೆ. ಕುದಿಯುವ ನೀರು ನಡುವಿಗೆ ಹಾಕಿ, ಸ್ವಲ್ಪ ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದು. ಒಂದೊಂದೇ ಉಂಡೆ ನಾದಿಕೊಂಡು ಬಡಿ, ಎಲ್ಲ ಒಟ್ಟಿಗೆ ನಾದಿಡಬೇಡ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆ ಸವರು. ನೀರು ಆರುವ ಮೊದಲೇ ತಿರುವಿ ಹಾಕಬೇಡ.

ಪಾರ್ಸೆಲ್ ಗುರುವಾರದ ಬಸ್ಸಿಗೆ ಹಾಕುತ್ತೇನೆ. ಹಿಟ್ಟು, ಹೊಸ ತೊಗರಿ ಬೇಳೆ, ಶೇಂಗಾ ಹಿಂಡಿ, ಒಣಗಿಸಿದ ಪುಂಡಿ ಸೊಪ್ಪು ಇವೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ನಿನ್ನ ಹೆಸರು, ನಂಬರ್ ಇರುತ್ತದೆ. ಕಸಕ್ಕೆ ಹಾಕುವ ಮೊದಲು ಅದನ್ನು ಹರಿದು ಹಾಕು. ಹಿಟ್ಟನ್ನು ಹದಿನೈದು ದಿನದೊಳಗೆ ಮುಗಿಸು.

ಅಪ್ಪನಿಗೆ ನಿನ್ನೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 142 ಇತ್ತು. ಸಂಜೆ ಶರಣಬಸವೇಶ್ವರ ಕೆರೆಯ ಸುತ್ತ ಇಬ್ಬರೂ ನಡೆಯುತ್ತೇವೆ, ಅಂಗಾಲಿನ ಉರಿ ಕಡಿಮೆಯಾಗಿದೆ. ಮೂರು ತಿಂಗಳ ಪರೀಕ್ಷೆ ಬರುವ ತಿಂಗಳು. ರಿಪೋರ್ಟ್ ಬಂದ ದಿನ ನಾವಿಬ್ಬರೇ ನಿನಗೆ ಫೋನ್ ಮಾಡುತ್ತೇವೆ. ಗ್ರೂಪಿಗೆ ಹಾಕೋದಿಲ್ಲ.

ನಿನ್ನ
ಅವ್ವ