ಮರಳಿನಿಂದ ಎಳೆದವರಿಗೆ, ಅಡಿಕೆ ಕಾದವರಿಗೆ

ಹೊನ್ನಾವರದಿಂದ ಮಂಗಳೂರಿಗೆ ನಮ್ಮದೇ ಹಾಯಿದೋಣಿಯಲ್ಲಿ ಹೋಗಿ ಮುಟ್ಟಿದೆವು. ಇವರು, ನಾನು, ಎಂಟನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ. ದಾರಿ ಸುಮಾರು 90 ನಾಟಿಕಲ್ ಮೈಲಿ, ಅಂದರೆ 165 ಕಿಲೋಮೀಟರ್ ಆಸುಪಾಸು. ಆರು ದಿನ ಹಿಡಿಯಿತು. ಮನೆಗೆ ಬಂದು ಹದಿನೈದು ದಿನ ಆಯ್ತು, ಥ್ಯಾಂಕ್ಸ್ ಹೇಳಬೇಕಾದವರ ಪಟ್ಟಿ ಮಾತ್ರ ಮುಗಿಯುತ್ತಿಲ್ಲ.

ಮೊದಲು ನಮ್ಮೂರಿನವರು. ಡಿಸೆಂಬರ್ ಅಂದರೆ ಸಾಗರದ ಕಡೆ ಅಡಿಕೆಯ ಕೊನೆಕೊಯ್ಲು. ಅಂಥ ಹೊತ್ತಲ್ಲಿ ತೋಟ ಬಿಟ್ಟು ದೋಣಿ ಹತ್ತುತ್ತೀವಿ ಅಂದರೆ ಮಲೆನಾಡಿನಲ್ಲಿ ಯಾರು ತಾನೇ ಒಪ್ಪುತ್ತಾರೆ? ಪಕ್ಕದ ಮನೆಯ ಅತ್ತಿಗೆ ಮಾತ್ರ "ಹೋಗಿ ಬನ್ನಿ, ಸುಲಿಯೋದು ನಾನು ನೋಡ್ಕೋತೀನಿ" ಅಂದರು. ಬರೇ ಮಾತಿಗಲ್ಲ. ಸುಲಿಸಿ, ಬೇಯಿಸಿ, ಅಂಗಳದಲ್ಲಿ ಹರವಿ, ಒಂದು ಸಂಜೆ ಹನಿ ಬಿದ್ದಾಗ ಓಡಿಬಂದು ಅಷ್ಟನ್ನೂ ಒಳಗೆ ತುಂಬಿಸಿದ್ದಾರೆ. ನಮ್ಮ ದನಕ್ಕೆ ಈಗ ನನ್ನ ಕೈಗಿಂತ ಅವರ ಕೈಯೇ ಜಾಸ್ತಿ ಇಷ್ಟ.

ದೋಣಿ ಓಡಿಸೋದು ನಾವು ಕಲಿತದ್ದು ಶರಾವತಿ ಹಿನ್ನೀರಿನಲ್ಲಿ. ಮಾವನವರ ಹುಟ್ಟಿದ ಮನೆ ಅದೇ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಇವರದ್ದು ಮುಳುಗಡೆ ಸಂಸಾರ. ಮಗನ ದೋಣಿ ಹುಚ್ಚು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆದರೂ ಹೊರಡುವ ದಿನ ಹೊನ್ನಾವರದ ತನಕ ಬಂದರು. ದಕ್ಕೆಯ ಮೇಲೆ ನಿಂತು ಬಹಳ ಹೊತ್ತು ಹೊಳೆ ನೋಡಿದರು. "ನಮ್ಮನೆ ಮೇಲಿನ ನೀರು ಇಲ್ಲಿಗೇ ಬರೋದು" ಅಂದರು, ಅಷ್ಟೇ. ಆಮೇಲೆ ಬಂದು ಹಗ್ಗ ಬಿಚ್ಚಿಕೊಟ್ಟರು. ಮಾವ, ಅದಕ್ಕೆ ಏನು ಹೇಳಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಹಿನ್ನೀರಿನ ಕಲಿಕೆ ಸಮುದ್ರಕ್ಕೆ ಎಷ್ಟು ಕಡಿಮೆ ಅಂತ ಗೊತ್ತಾದದ್ದು ಎರಡನೇ ದಿನ. ಹಿನ್ನೀರಿಗೆ ವರ್ಷಕ್ಕೊಂದೇ ಉಬ್ಬರ ಇಳಿತ: ಮಳೆಗಾಲದಲ್ಲಿ ಏರುತ್ತೆ, ಬೇಸಿಗೆಯಲ್ಲಿ ಇಳಿಯುತ್ತೆ. ಕಡಲಿಗೆ ದಿನಕ್ಕೆರಡು ಸಲ. ಅದೂ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತೆ. ಗಾಳಿಗೂ ಅದರದೇ ಹೊತ್ತು. ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣಗೆ ಬೀಸುತ್ತೆ, ಹತ್ತು ಹನ್ನೊಂದರ ಹೊತ್ತಿಗೆ ಸತ್ತುಹೋಗುತ್ತೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತೆ. ತೆಂಕು ಮುಖ ಮಾಡಿ ಹೋಗುವವರಿಗೆ ಇದು ಬೆನ್ನಿಗೆ ಸಿಗುವ ಗಾಳಿ. ಅವತ್ತು ಭಟ್ಕಳ ದಾಟಿದ ಮೇಲೆ ನಡುವಿನ ಆ ಸತ್ತ ಹೊತ್ತು ಮುಗಿಯಲೇ ಇಲ್ಲ. ಎಂಜಿನ್ ಇತ್ತು. ಹಾಯಿದೋಣಿಯಲ್ಲಿ ಎಂಜಿನ್ ಹಾಕೋದು ಅವಮಾನ ಅಂತ ಇವರ ವಾದ! ಗಂಗೊಳ್ಳಿ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಬಾಯಿಗೆ, ಬಂದಾಗ ಎರಡು ತಾಸು ತಡ, ನೀರು ಇಳಿದಿತ್ತು.

ಮೊದಲು ಅಡಿಯಲ್ಲಿ ಅಕ್ಕಿ ಉಜ್ಜಿದಂತೆ ಸದ್ದು. ಆಮೇಲೆ ದೋಣಿ ಒಂದು ಮಗ್ಗುಲಿಗೆ ವಾಲಿ ನಿಂತೇಬಿಟ್ಟಿತು. ಪಾತ್ರೆಗಳೆಲ್ಲ ಮಗನ ಮೇಲೆ. ಹಿಂದಿನಿಂದ ಬಂದ ಅಲೆ ಎತ್ತಿ ಕುಕ್ಕಿದಾಗ ಚುಕ್ಕಾಣಿಯ ಕೀಲು ಟಕ್ಕನೆ ಮುರಿಯಿತು.

ಆಗ ಬಂದದ್ದು ಮೀನಿನ ಬೋಟು. ಬೋಟು ನಡೆಸುವ ತಂಡೇಲರು ಹಗ್ಗ ಎಸೆದು, ಮೊದಲು ಬೈದರು. "ಎಂತ ಮಾರಾಯ್ರೆ, ಇಳಿತದಲ್ಲಿ ಯಾರಾದ್ರೂ ಅಳಿವೆ ಒಳ್ಗೆ ಬತ್ರಾ?" ಅವರ ಹುಡುಗರಿಬ್ಬರು ಎದೆಮಟ್ಟದ ನೀರಿಗೆ ಹಾರಿ, ಪ್ರತಿ ಅಲೆಗೂ ಭುಜ ಕೊಟ್ಟು ನೂಕಿದರು. ಮುಕ್ಕಾಲು ಗಂಟೆ. ಮೀನು ಇಳಿಸುವುದು ಬಿಟ್ಟು, ಯಾರೋ ಘಟ್ಟದ ಮೇಲಿನವರಿಗಾಗಿ.

ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಒಂದು ಬುಟ್ಟಿ ಬಂಗುಡೆ ನಮಗೇ ಕೊಡಲು ಬಂದರು. ನಾವು ಮೀನು ತಿನ್ನೋದಿಲ್ಲ ಅಂದಾಗ ತಂಡೇಲರ ಮುಖ ನೋಡಬೇಕಿತ್ತು. "ಹಾಂಗಾರೆ ಎಂತ ತಿಂಬುಕೆ ಸಮುದ್ರಕ್ಕೆ ಬಂದ್ರಿ?" ಕೊನೆಗೆ ನಾನು ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಚಾಚಿದೆ. ಅದನ್ನು ಮಾತ್ರ ತಗೊಂಡರು.

ಕೀಲು ಮಾಡಿಕೊಟ್ಟ ವೆಲ್ಡಿಂಗ್ ಅಂಗಡಿಯವರಿಗೆ, ಎರಡು ರಾತ್ರಿ ಮಲಗಲು ಜಾಗ ಕೊಟ್ಟ ಅಮ್ಮನಿಗೆ, ಮಲ್ಪೆಯಲ್ಲಿ ಕಾಗದಪತ್ರ ನೋಡಿ ಚಹಾ ಕುಡಿಸಿದ ಕರಾವಳಿ ಕಾವಲು ಪಡೆಯವರಿಗೆ, ಮಕ್ಕಳಿಗೆ ರಜೆ ಕೊಟ್ಟ ಟೀಚರ್‌ಗೆ ನಮಸ್ಕಾರ. ಕೊನೆಯ ದಿನ ಕಾಪು ದೀಪಸ್ತಂಭ ಎಡಕ್ಕೆ ಬಂದಾಗ ಚುಕ್ಕಾಣಿ ಮಗಳ ಕೈಯಲ್ಲಿತ್ತು. ಮೊದಲ ದಿನವೆಲ್ಲ ವಾಂತಿ ಮಾಡಿದವಳು! ಆ ಬಂಡೆಯ ಮೇಲಿನ ದೀಪ 1901ರಿಂದ ಇದೆಯಂತೆ ಅಂದರೆ "ಅಮ್ಮ, ಈಗ ಮಾತಾಡಿಸಬೇಡ" ಅಂದಳು.

ದೋಣಿ ವಾಪಸ್ ಬಂದದ್ದು ಲಾರಿಯಲ್ಲಿ. ಎದುರುಗಾಳಿಗೆ ಬಡಗು ಮುಖ ಮಾಡುವ ಧೈರ್ಯ ಇನ್ನೂ ಇಲ್ಲ. ಘಾಟಿಯ ಪ್ರತಿ ತಿರುವಿನಲ್ಲೂ ಇಳಿದು ಹಗ್ಗ ಮುಟ್ಟಿ ನೋಡಿದ ಡ್ರೈವರ್ ಅಣ್ಣನಿಗೂ ಥ್ಯಾಂಕ್ಸ್.

ಮೊನ್ನೆ ತಂಡೇಲರ ಫೋನ್ ಬಂದಿತ್ತು. ಉಪ್ಪಿನಕಾಯಿ ಬೋಟಿನಲ್ಲೇ ಖಾಲಿಯಂತೆ, ಮನೆಗೆ ಮುಟ್ಟಲೇ ಇಲ್ಲವಂತೆ, ಹೆಂಡತಿ ಕೋಪ ಮಾಡಿಕೊಂಡಿದ್ದಾರಂತೆ. ಹೋದ ವರ್ಷದ ಭರಣಿಯಲ್ಲಿ ಇನ್ನೂ ಅರ್ಧ ಇದೆ. ಭಾನುವಾರ ಗಂಗೊಳ್ಳಿಗೆ ಹೊರಟಿದ್ದೇವೆ, ಈ ಸಲ ಬಸ್ಸಿನಲ್ಲಿ.