ಸವಳು ಭೂಮಿಗೆ ಮೊದಲು ಬಸಿಗಾಲುವೆ, ಆಮೇಲೆ ಬೀಟ್

ಮಾನ್ಯ ಸಂಪಾದಕರೇ,

ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗಾಗಿ ಸಕ್ಕರೆ ಬೀಟ್ (ಬೀಟ್‌ರೂಟ್ ಜಾತಿಯ ಗಡ್ಡೆ) ಬೆಳೆಯಿರಿ ಎಂಬ ಮಾತು ಕೃಷ್ಣಾ ತೀರದ ನಮ್ಮ ಊರುಗಳಲ್ಲಿ ಈಗ ಮತ್ತೆ ಕೇಳಿಬರುತ್ತಿದೆ. ಆರು ತಿಂಗಳಲ್ಲಿ ಕೈಗೆ ಬರುತ್ತದೆ, ಕಬ್ಬಿನಷ್ಟು ನೀರು ಕುಡಿಯುವುದಿಲ್ಲ, ಸವಳು ಬಿದ್ದ, ಎಂದರೆ ಉಪ್ಪೇರಿದ, ಹೊಲದಲ್ಲೂ ಬೆಳೆಯುತ್ತದೆ ಎನ್ನುತ್ತಾರೆ. ಈ ಮೂರು ಮಾತಿನಲ್ಲೂ ಸತ್ಯವಿದೆ. ಆದರೆ ನಾನು ಎರಡು ವರ್ಷದ ಹಿಂದೆ ಹತ್ತು ಗುಂಟೆಯಲ್ಲಿ ಬೀಟ್ ಹಾಕಿ, ಕಿತ್ತು, ತೂಕ ಮಾಡಿ ನೋಡಿದವಳು. ಯಾರೂ ಹೇಳದೆ ಬಿಟ್ಟ ಸಂಗತಿಗಳನ್ನು ಹೇಳಲೆಂದೇ ಈ ಪತ್ರ.

ನಮ್ಮದು ಜಮಖಂಡಿ ತಾಲ್ಲೂಕಿನ ಎರೆ ಭೂಮಿ, ನಾಲ್ಕು ಎಕರೆ. ನಾನು ಸೊಸೆಯಾಗಿ ಬಂದಾಗ ಮಾವನವರು ಅದರಲ್ಲಿ ಬಿಳಿಜೋಳ, ಕಡಲೆ, ಅಂಚಿಗೆ ಕುಸುಬಿ ಬೆಳೆಯುತ್ತಿದ್ದರು. ಹಿಂಗಾರಿಯಲ್ಲಿ ಬಿತ್ತಿದರೆ ನೆಲದೊಳಗಿನ ಹಸಿಯ ಮೇಲೆಯೇ ತೆನೆ ಬರುತ್ತಿತ್ತು. ನದಿಯಿಂದ ಪೈಪ್‌ಲೈನ್ ಬಂತು, ಕಬ್ಬು ಬಂತು. ಕಬ್ಬು ನಮ್ಮ ಮಕ್ಕಳನ್ನು ಓದಿಸಿದೆ, ಅದನ್ನು ನಾನು ಬಯ್ಯುವುದಿಲ್ಲ. ಆದರೆ ನೀರು ಬರುವುದಕ್ಕೆ ದಾರಿ ಮಾಡಿದೆವು, ಹೋಗುವುದಕ್ಕೆ ಬಸಿಗಾಲುವೆ ಮಾಡಲಿಲ್ಲ. ಹಾಯಿ ನೀರು ಬಿಟ್ಟೂ ಬಿಟ್ಟೂ ಕೆಳಗಿನ ನೀರು ಮೇಲೇರಿತು. ಎರೆ ಮಣ್ಣು ಬಿಸಿಲಿಗೆ ಆ ನೀರನ್ನು ದೀಪದ ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಕೂರುತ್ತದೆ. ತಗ್ಗಿನ ಮೂಲೆಯ ಅರ್ಧ ಎಕರೆ ಬೆಳಿಗ್ಗೆ ನೋಡಿದರೆ ಕರ್ರಗೆ ಹಸಿಯಾಗಿರುತ್ತದೆ. ಮಧ್ಯಾಹ್ನಕ್ಕೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ. ಅಲ್ಲಿ ಕಡಿದ ಬುಡದಿಂದ ಮತ್ತೆ ಚಿಗುರುವ ಕುಳೆ ಕಬ್ಬು ಮೊಣಕಾಲು ದಾಟುವುದಿಲ್ಲ.

ಆ ಮೂಲೆಗಾಗಿಯೇ ನಾನು ಬೀಟ್ ಒಪ್ಪಿಕೊಂಡೆ. ಒಂದು ಕಾರ್ಖಾನೆಯವರು ಬೀಜ ಕೊಟ್ಟರು, ಕಾಗದದ ಮೇಲೆ ಏನೂ ಬರೆದು ಕೊಡಲಿಲ್ಲ. ನವೆಂಬರ್‌ನಲ್ಲಿ ಸಾಲು ಹೊಡೆದು ಊರಿದೆವು. ಮೇಲಿನ ಸಾಲುಗಳು ಚೆನ್ನಾಗಿ ಎದ್ದವು. ನಿಜವಾಗಿ ಸವಳು ಇದ್ದ ಕೆಳಗಿನ ಸಾಲುಗಳಲ್ಲಿ ಮೊಳಕೆ ಕಣ್ಣು ಬಿಟ್ಟು ಅಲ್ಲೇ ಕರಕಲಾಯಿತು. ಎರಡು ಸಲ ಖಾಲಿ ಜಾಗಕ್ಕೆ ಮತ್ತೆ ಬೀಜ ಊರಿದರೂ ಅರ್ಧ ಖಾಲಿಯೇ ಉಳಿಯಿತು. ನನ್ನ ಕೈಗುಣವೇ ಕೆಟ್ಟಿತೇನೋ ಎಂದುಕೊಂಡಿದ್ದೆ. ಆಮೇಲೆ ಓದಿ ತಿಳಿದುಕೊಂಡೆ. ಮಣ್ಣಿನ ಉಪ್ಪನ್ನು ಡೆಸಿಸೀಮನ್ಸ್ ಪ್ರತಿ ಮೀಟರ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಆ ಲವಣಾಂಶ 4 ದಾಟಿದರೆ ಅದು ಸವಳು ಭೂಮಿ. ಕಬ್ಬು 1.7ಕ್ಕೇ ಸೊರಗಲು ಶುರುಮಾಡುತ್ತದೆ, ಬೀಟ್ 7ರವರೆಗೂ ತಡೆಯುತ್ತದೆ. ಆದರೆ ಆ ತಾಕತ್ತು ಬೆಳೆದು ನಿಂತ ಗಿಡದ್ದು. ಮೊಳಕೆಯೊಡೆಯುವಾಗ 3ರ ಒಳಗಿರಬೇಕು. ಕೂಸಿಗೂ ಗಟ್ಟಿಮುಟ್ಟಾದ ಆಳಿಗೂ ಇರುವ ವ್ಯತ್ಯಾಸ ಅದು. ಬೀಜ ಕೊಟ್ಟವರು ಆಳಿನ ಲೆಕ್ಕವನ್ನಷ್ಟೇ ಹೇಳಿದ್ದರು.

ಏಪ್ರಿಲ್‌ನಲ್ಲಿ ಕೀಳಲು ನಿಂತಾಗ ನಡುವೆ ಒಂದು ಅಡ್ಡಮಳೆ ಆಯಿತು. ಎರೆ ಮಣ್ಣು ಹಸಿಯಾದರೆ ಹೇಗೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಚಪ್ಪಲಿಯನ್ನೇ ನುಂಗುತ್ತದೆ. ಬೀಟ್ ಗಡ್ಡೆಯ ಎರಡೂ ಬದಿಗೆ ಉದ್ದಕ್ಕೆ ಒಂದು ತೋಡು ಇರುತ್ತದೆ. ಆ ತೋಡಿನ ತುಂಬ, ಕವಲೊಡೆದ ಬೇರುಗಳ ಸಂದಿಯ ತುಂಬ, ಮಣ್ಣು ಮೆತ್ತಿಕೊಂಡೇ ಮೇಲೆ ಬರುತ್ತದೆ. ಕೊಡವಿದರೆ ಉದುರುವುದಿಲ್ಲ, ಕುಡುಗೋಲಿನ ಬೆನ್ನಿನಿಂದ ಕೆರೆಯಬೇಕು. ಒಂದು ಬುಟ್ಟಿ ತೂಗಿದೆ: 20 ಕಿಲೊ. ಅದನ್ನೇ ಕೆರೆದು, ತೊಳೆದು, ಒರೆಸಿ ತೂಗಿದೆ: ಹದಿನೇಳೂವರೆ. ಎಂಟರಲ್ಲಿ ಒಂದು ಪಾಲು ಮಣ್ಣು. ಎಕರೆಗೆ 20 ಟನ್ ಗಡ್ಡೆ ಹೇರಿದರೆ ಎರಡೂವರೆ ಟನ್ ಮೇಲ್ಮಣ್ಣು ಹೊಲ ಬಿಟ್ಟು ಹೋಗುತ್ತದೆ. ನನ್ನ ಮಗ ತಕ್ಕಡಿ ನೋಡಿ, “ಅವ್ವಾ, ಗಡ್ಡಿ ಅಷ್ಟ ಅಲ್ಲ, ಹೊಲಾನೂ ಹೇರಿ ಕಳಸಾಕತ್ತೀವಿ” ಎಂದ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಕಬ್ಬು ಕಡಿದ ಮೇಲೆ ನೆಲದೊಳಗೆ ಬೇರಿರುತ್ತದೆ, ಸುಡದಿದ್ದರೆ ಮೇಲೆ ರವದಿಯ, ಎಂದರೆ ಒಣ ಎಲೆಯ, ಹೊದಿಕೆಯಿರುತ್ತದೆ. ಬೀಟ್ ಕಿತ್ತು, ಸೊಪ್ಪನ್ನೂ ದನಕ್ಕೆ ಒಯ್ದ ಹೊಲದಲ್ಲಿ ಏನೂ ಉಳಿಯುವುದಿಲ್ಲ. ಅದೂ ಮೇ ತಿಂಗಳ ಗಾಳಿ ಮಳೆಗೆ ಎದುರಾಗಿ ಬರಿಮೈ. ಯುರೋಪಿನಲ್ಲಿ ಬೀಟ್ ಬೆಳೆಯುವವರು ಗಡ್ಡೆಯನ್ನು ಹೊಲದ ಅಂಚಿನಲ್ಲೇ ಯಂತ್ರಕ್ಕೆ ಹಾಕಿ ಮಣ್ಣು ಕೊಡವಿಸಿ ಆಮೇಲೆ ಲಾರಿಗೆ ತುಂಬುತ್ತಾರೆ. ಅಲ್ಲಿಯೂ ತುಂಬಿದಾಗ 50 ಟನ್ ಮೀರುವ ಕೀಳುವ ಯಂತ್ರಗಳು ಹಸಿ ನೆಲವನ್ನು ಆಳದವರೆಗೆ ಅದುಮುತ್ತವೆ ಎಂಬ ಚಿಂತೆಯಿದೆ. ನಮ್ಮ ಎರೆ ಭೂಮಿಗೆ ಅಂಥ ಯಂತ್ರ ಬಂದರೆ ನೀರು ಬಸಿಯುವ ಇದ್ದಬದ್ದ ದಾರಿಯೂ ಮುಚ್ಚಿತು.

ಕಿತ್ತ ಗಡ್ಡೆಯನ್ನು ಆ ಕಾರ್ಖಾನೆಯವರು ಒಯ್ಯಲಿಲ್ಲ. ಹಂಗಾಮು ಮುಗಿದಿದೆ ಎಂದರು. ಬೀಟ್ ಅನ್ನು ಕಬ್ಬಿನಂತೆ ಗಾಣಕ್ಕೆ ಕೊಟ್ಟು ಹಿಂಡಲು ಬರುವುದಿಲ್ಲ. ತೆಳ್ಳಗೆ ಹೆಚ್ಚಿ ಬಿಸಿ ನೀರಿನಲ್ಲಿ ಸಕ್ಕರೆ ಬಿಡಿಸಬೇಕು, ಅದಕ್ಕೆ ಬೇರೆಯೇ ಯಂತ್ರ. ಅದು ಅವರಲ್ಲಿ ಇರಲೂ ಇಲ್ಲ. ಬಿಸಿಲಿಗೆ ಕೊಳೆಯತೊಡಗಿದ ರಾಶಿಯನ್ನು ದನಕ್ಕೆ ಹಾಕಿದೆ. ಸೊಪ್ಪು ತಿಂದ ಎಮ್ಮೆಗೆ ಎರಡು ದಿನ ಉಚ್ಚಿಕೊಂಡಿತು. ಬೀಟ್ ಸೊಪ್ಪಿನಲ್ಲಿ ದನದ ಹೊಟ್ಟೆ ಕೆಡಿಸುವ ಆಕ್ಸಲೇಟ್ ಎಂಬ ಅಂಶ ಇರುತ್ತದೆ, ಬಾಡಿಸಿ ಸ್ವಲ್ಪಸ್ವಲ್ಪವೇ ಹಾಕಬೇಕಿತ್ತು. ಇದನ್ನೂ ಯಾರೂ ಹೇಳಿರಲಿಲ್ಲ.

ಈಗ ನೀರಿನ ಮಾತು. ಕಬ್ಬಿಗೆ ಅದರ ಇಡೀ ಅವಧಿಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು, ಬೀಟ್‌ಗೆ 550ರಿಂದ 750. ದೊಡ್ಡ ಉಳಿತಾಯವೇ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಖರ್ಚಾಗುತ್ತದೆ ಎಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥೆನಾಲ್ ವರದಿಯೇ ಹೇಳಿದೆ. ಹಾಗಿರುವಾಗ ಬೀಟ್ ಕಡೆ ನೋಡುವುದು ತಪ್ಪಲ್ಲ. ಆದರೆ ಉಳಿದ ನೀರು ಎಲ್ಲಿ ಹೋಗುತ್ತದೆ? ಆರು ತಿಂಗಳಿಗೆ ಹೊಲ ಖಾಲಿಯಾದರೆ ಮೋಟರ್ ಕೈಯಲ್ಲಿರುವ ನಾವು ಸುಮ್ಮನಿರುವುದಿಲ್ಲ, ಗೋವಿನಜೋಳ ಹಾಕುತ್ತೇವೆ. ಅದೂ ಈಗ ಎಥೆನಾಲ್‌ಗೆ ಹೋಗುತ್ತದೆ. ವರ್ಷದ ಕೊನೆಗೆ ಮೀಟರ್ ನೋಡಿದರೆ ನದಿಯಿಂದ ಎತ್ತಿದ ನೀರು ಅಷ್ಟಕ್ಕಷ್ಟೇ ಇದ್ದೀತು.

ಇನ್ನೊಂದು ಮುಖ್ಯ ಸಂಗತಿಯಿದೆ. ಬೀಟ್ ಉಪ್ಪನ್ನು ತಾಳಿಕೊಳ್ಳುತ್ತದೆ, ನೆಲದಿಂದ ತೆಗೆಯುವುದಿಲ್ಲ. ಎಲೆಯಲ್ಲಿ ಒಂದಿಷ್ಟು ಸೋಡಿಯಂ ಹೀರಿಕೊಂಡರೂ ಆ ಸೊಪ್ಪು ಹೊಲದಲ್ಲೇ ಬಿದ್ದರೆ ಉಪ್ಪು ಮತ್ತೆ ಅಲ್ಲಿಗೇ. ಬಿತ್ತುವ ಮುಂಚೆ ತಗ್ಗಿನ ಮೂಲೆಯ ಮಣ್ಣಿನ ಲವಣಾಂಶ 6.4 ಇತ್ತು, ಕಿತ್ತ ಮೇಲೆ 6.9. ಒಂದು ಹೊಲದ ಒಂದು ವರ್ಷದ ಲೆಕ್ಕ, ಬೇಸಿಗೆಯ ಬಿಸಿಲಿನ ಪಾಲೂ ಅದರಲ್ಲಿದೆ. ಇಳಿದಿಲ್ಲ ಎಂಬುದಂತೂ ಕಣ್ಣಿಗೆ ಕಾಣುತ್ತದೆ. ಉಪ್ಪು ಕೆಳಗಿಳಿಯಬೇಕಾದರೆ ಸಿಹಿನೀರು ಹಾಯಬೇಕು, ಹಾಯ್ದ ನೀರು ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದೆ ಕಡಿಮೆ ನೀರು ಕೊಟ್ಟರೆ ಉಪ್ಪು ಇದ್ದಲ್ಲೇ ಇರುತ್ತದೆ, ಹೆಚ್ಚು ಕೊಟ್ಟರೆ ನೀರು ನಿಂತು ಜವಳಾಗುತ್ತದೆ. ಬೀಟ್ ಹಾಕಿದ್ದೇವಲ್ಲ ಎಂದು ಬಸಿಗಾಲುವೆ ಕೆಲಸ ಇನ್ನೂ ಹತ್ತು ವರ್ಷ ಮುಂದಕ್ಕೆ ಹೋಗಬಾರದು. ನನ್ನ ದೊಡ್ಡ ಭಯ ಅದೇ.

ಒಂದೇ ಹೊಲಕ್ಕೆ ವರ್ಷ ವರ್ಷ ಬೀಟ್ ಹಾಕುವಂತೆಯೂ ಇಲ್ಲ. ಅದು ರೂಢಿಯಿರುವ ದೇಶಗಳಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ಸರದಿ. ನಮ್ಮಲ್ಲಿ ಶೇಂಗಾದ ಬುಡ ಕೊಳೆಸುವ ಶಿಲೀಂಧ್ರವೇ ಬೀಟ್ ಗಡ್ಡೆಯನ್ನೂ ಕೊಳೆಸುತ್ತದೆ. ಕುಳೆ ಮೇಲೆ ಕುಳೆ ಬಿಟ್ಟು ರೂಢಿಯಾದ ನಮಗೆ ಈ ಶಿಸ್ತನ್ನು ಮೊದಲೇ ಹೇಳಿಕೊಡಬೇಕು. ಕಾರ್ಖಾನೆಯ ಉರುವಲಿನ ಲೆಕ್ಕವೂ ಬೇರೆ. ಕಬ್ಬು ತನ್ನ ಬಾಯ್ಲರ್‌ಗೆ ತನ್ನದೇ ಸಿಪ್ಪೆ ತರುತ್ತದೆ. ಬೀಟ್ ತರುವುದು ಒದ್ದೆ ಚರಟ. ಅದನ್ನು ಒಣಗಿಸಲು ಕಲ್ಲಿದ್ದಲು ಸುಟ್ಟರೆ ಹಸಿರು ಇಂಧನ ಎಂಬ ಮಾತಿಗೆ ಏನು ಅರ್ಥ?

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲೇ ಸಕ್ಕರೆ ಬೀಟ್ ಹೆಸರಿದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ಒಮ್ಮೆ ತಡೆದದ್ದನ್ನು ನೋಡಿದ ಕಾರ್ಖಾನೆಗಳು ಬೇರೆ ಬೆಳೆ ಹುಡುಕುವುದೂ ಸಹಜ. ಆದ್ದರಿಂದ ಬೀಟ್ ಬರುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಬರುವುದಾದರೆ, ಬೀಜದ ಚೀಲದ ಜೊತೆಗೆ ಮಣ್ಣು ಪರೀಕ್ಷೆ ಕಡ್ಡಾಯವಾಗಲಿ, ಬಿತ್ತುವ ಮುಂಚೆ ಒಮ್ಮೆ, ಕಿತ್ತ ಮೇಲೆ ಒಮ್ಮೆ. ಗಡ್ಡೆಯ ಮಣ್ಣು ಹೊಲದ ಅಂಚಿನಲ್ಲೇ ಬೀಳುವ ವ್ಯವಸ್ಥೆಯನ್ನು ಕೊಳ್ಳುವವರೇ ಮಾಡಲಿ. ಇಲ್ಲದಿದ್ದರೆ ಲಾರಿ ತೂಗುವ ಕಾಟಾದಲ್ಲಿ ಮಣ್ಣಿನ ನೆಪ ಹೇಳಿ ನಮ್ಮ ತೂಕ ಕಡಿದು, ಮಣ್ಣನ್ನೂ ಇಟ್ಟುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು ಊರಿನ ಹೊಲಗಳೆಲ್ಲ ಸೇರಿ ನೀರು ಹೊರಗೆ ಬಸಿಯುವ ಕಾಲುವೆ ಆಗಲಿ. ಒಬ್ಬರ ಹೊಲದಲ್ಲಷ್ಟೇ ನೀರು ಬಸಿಯಲು ಪೈಪ್ ಹೂತರೆ ಆ ನೀರು ಪಕ್ಕದವರ ತಗ್ಗಿಗೆ ಹೋಗಿ ನಿಲ್ಲುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಭೂಮಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಅವರನ್ನು ಕರೆಸಿ ಕೇಳಿದ ಮೇಲೆ ರೈತರ ಮುಂದೆ ಬೀಜ ಇಡಲಿ.

ನಮ್ಮ ಮಣ್ಣು ಪರೀಕ್ಷೆಯ ಎರಡೂ ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ನೋಡಬೇಕೆನ್ನುವ ಅಧಿಕಾರಿಗಳು ಬಂದರೆ ತಗ್ಗಿನ ಮೂಲೆಯನ್ನೂ ತೋರಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬರಲಿ, ಬಿಳುಪು ಆಗ ಚೆನ್ನಾಗಿ ಕಾಣುತ್ತದೆ.

ಒಬ್ಬ ರೈತ ಮಹಿಳೆ
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ