ಮರಿಯ ಬಟ್ಟಲಿಗೆ ಬಸ್ಸಾರು ಹಾಕಬೇಡ

ಮಂಡ್ಯ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ವಿಡಿಯೋ ನಾಲ್ಕು ಸಲ ನೋಡಿದೆ. ನೀವು ತಂದ ನಾಯಿಮರಿ, ಎರಡು ತಿಂಗಳ ಕೂಸು, ಮುಂಗಾಲೆರಡನ್ನೂ ಬಟ್ಟಲೊಳಗೇ ಊರಿಕೊಂಡು ಹಾಲು ಕುಡಿಯುತ್ತಿದೆ. ನೋಡೋಕೆ ಎಷ್ಟು ಮುದ್ದು! ಆದರೆ ಆ ಹಾಲು ನೋಡಿಯೇ ಈ ಕಾಗದ ಬರೆಯಲು ಕೂತೆ.

ನಮ್ಮ ನಾಯಿ ಕರಿಯ ನಿನಗೆ ನೆನಪಿರಬೇಕು. ಅವನನ್ನು ತಂದಾಗ ನಾನೂ ಹೀಗೇ ಮಾಡಿದ್ದೆ. ಹೊತ್ತು ಹೊತ್ತಿಗೂ ಹಸುವಿನ ಹಾಲು, ಇಲ್ಲವೇ ಹಾಲನ್ನ. ಮೂರನೇ ದಿನಕ್ಕೆ ಭೇದಿ ಹತ್ತಿತು. ಹಿತ್ತಲಿನ ಸೀಬೆ ಮರದ ಕೆಳಗೆ ಮಲಗಿದವನು ಹೆಸರು ಕರೆದರೂ ಬಾಲ ಆಡಿಸಲಿಲ್ಲ. ಬೆನ್ನಿನ ಚರ್ಮ ಎತ್ತಿ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಮೈಯಲ್ಲಿ ನೀರೇ ಇಲ್ಲ ಅಂತ ಡಾಕ್ಟರು ಡ್ರಿಪ್ ಹಾಕಿದರು. ತಾಯಿಯ ಮೊಲೆ ಬಿಟ್ಟ ಮೇಲೆ ಎಷ್ಟೋ ನಾಯಿಗಳಿಗೆ ಹಾಲಿನಲ್ಲಿರುವ ಸಕ್ಕರೆ ಅರಗುವುದಿಲ್ಲ. ಹಾಲು ನಿಲ್ಲಿಸು. ಕುಡಿಯುವ ನೀರು ಮಾತ್ರ ಯಾವಾಗಲೂ ಪಕ್ಕದಲ್ಲಿರಲಿ.

ಅಡುಗೆಮನೆಗೆ ಮಾಂಸ ತರಬೇಡ ಅಂತ ನಿಮ್ಮತ್ತೆ ಹೇಳಿದ್ದಾರೆ ಅಂದೆಯಲ್ಲ, ಅವರ ಮನಸ್ಸು ನೋಯಿಸಬೇಡ. ನಿಮ್ಮ ಕುವೆಂಪುನಗರದಲ್ಲೇ ಒಳ್ಳೆಯ ಪಪ್ಪಿ ಫುಡ್ ಸಿಗುತ್ತದೆ. ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡ, ಪ್ಯಾಕೆಟ್ ತಿರುಗಿಸಿ ಓದು. ಬೆಳೆಯುವ ಮರಿಗೆ ಇದು ಸಂಪೂರ್ಣ, ಸಮತೋಲನದ ಆಹಾರ ಅಂತ ಬರೆದಿರಬೇಕು. 'ಪೂರಕ' ಅಂತಿದ್ದರೆ ಅದು ಊಟವಲ್ಲ, ತಿಂಡಿ. ದೊಡ್ಡ ನಾಯಿಯದ್ದನ್ನು ಅಗ್ಗ ಅಂತ ತರಬೇಡ, ಮರಿಗೆ ಪ್ರೋಟೀನು, ಕೊಬ್ಬು ಎರಡೂ ಜಾಸ್ತಿ ಬೇಕು. ಮೂಟೆಯಿಂದ ತೂಗಿಕೊಡುವುದಂತೂ ಬೇಡವೇ ಬೇಡ. ಅದು ಯಾವಾಗಿನದ್ದೋ, ತಾರೀಕೇ ಇರುವುದಿಲ್ಲ.

ತೂಕಕ್ಕೆ ತಕ್ಕಂತೆ ಇಷ್ಟು ಗ್ರಾಂ ಅಂತ ಪ್ಯಾಕೆಟ್ ಮೇಲೆ ಒಂದು ಪಟ್ಟಿ ಇರುತ್ತದೆ. ಅದು ಸಾಮಾನ್ಯವಾಗಿ ಇಡೀ ದಿನದ ಲೆಕ್ಕ, ಒಂದು ಹೊತ್ತಿನದ್ದಲ್ಲ. ಅದನ್ನು ನಾಲ್ಕು ಪಾಲು ಮಾಡಿ ಹಾಕು, ಬೆಚ್ಚಗಿನ ನೀರಲ್ಲಿ ನೆನೆಸಿದರೆ ಹಾಲುಹಲ್ಲಿಗೆ ಸುಲಭ. ನಾಲ್ಕು ತಿಂಗಳಾದ ಮೇಲೆ ಮೂರು ಹೊತ್ತು, ಆರು ತಿಂಗಳ ಮೇಲೆ ಎರಡು ಹೊತ್ತು ಸಾಕು. ಈಗ ತಿನ್ನುತ್ತಿರುವುದನ್ನು ಒಂದೇ ದಿನಕ್ಕೆ ಬಿಡಿಸಬೇಡ. ಮೊದಲು ಕಾಲು ಭಾಗ ಹೊಸದು ಬೆರೆಸು, ಆಮೇಲೆ ಅರ್ಧ. ಒಂದು ವಾರದಲ್ಲಿ ಪೂರ್ತಿ ಬದಲಾಗಲಿ.

ನಮ್ಮ ಕಡೆಯವರಿಗೆ ಮುದ್ದೆ ಅಂದರೆ ಪ್ರಾಣ. 'ಮುದ್ದೆ ತಿಂದು ಬೆಳೆದ ನಾಯಿಗಳಿಲ್ವಾ' ಅಂತ ನಿನ್ನ ಅಜ್ಜಿ ಕೇಳೇ ಕೇಳುತ್ತಾರೆ. ರಾಗಿ ಕೆಟ್ಟದ್ದಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಮರಿಯ ಎಲುಬಿಗೆ ಬೇಕಾದಷ್ಟು ಕ್ಯಾಲ್ಸಿಯಂ ಆಗಲಿ, ಪ್ರೋಟೀನಾಗಲಿ ಬರೀ ಮುದ್ದೆಯಿಂದ ಸಿಗುವುದಿಲ್ಲ. ಯಾವಾಗಲಾದರೂ ಒಂದು ಸಣ್ಣ ತುತ್ತು ಕೊಡು, ಸಾಕು. ನನಗೆ ನಿಜವಾದ ಭಯ ಇರುವುದು ಮುದ್ದೆ ಜೊತೆಗಿನ ಬಸ್ಸಾರಿನದ್ದು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಹಾಕಿರುತ್ತೇವೆ, ಅಲ್ವಾ? ಅವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯ ತಳದ್ದು, ಯಾವುದೂ ಬೇಡ.

ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಹಬ್ಬದ ದಿನ ಪಾಯಸದ ಬಟ್ಟಲು ಕೆಳಗಿಡಬೇಡ. ಚಾಕೊಲೇಟ್ ಕೂಡ ವಿಷ, ಮಕ್ಕಳಿಗೆ ಮೊದಲೇ ಹೇಳಿಡು. ನಾನು ಕರಿಯನಿಗೆ ಆಸೆಪಟ್ಟು ಹಾಕುತ್ತಿದ್ದ ಬೆಂದ ಕೋಳಿ ಮೂಳೆ ಸೂಜಿಯಂತೆ ಸೀಳುತ್ತದೆ, ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಆ ಕಾಲದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಎಲುಬು ಗಟ್ಟಿಯಾಗಲಿ ಅಂತ ಸುಮ್ನೆ ಕ್ಯಾಲ್ಸಿಯಂ ಸಿರಪ್ ತರಬೇಡ. ಸಂಪೂರ್ಣ ಆಹಾರ ತಿನ್ನುವ ಮರಿಗೆ ಅದು ಹೆಚ್ಚಾಗುತ್ತದೆ. ದೊಡ್ಡ ಜಾತಿಯ ಮರಿಗಳಲ್ಲಂತೂ ಎಲುಬಿನ ಬೆಳವಣಿಗೆಯೇ ಕೆಡುತ್ತದೆ.

ಸರಿಯಾಗಿ ಮೈ ಹಿಡಿಯುತ್ತಿದೆಯಾ ಅಂತ ತಿಳಿಯಲು ಪಕ್ಕೆಯ ಮೇಲೆ ಮೆಲ್ಲಗೆ ಬೆರಳಾಡಿಸು. ಅಂಗೈ ಚಾಚಿಟ್ಟು ಅದರ ಹಿಂಬದಿ ಸವರಿದರೆ ಮೂಳೆ ಸಿಗುತ್ತವಲ್ಲ, ಪಕ್ಕೆಲುಬು ಹಾಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಜಾಸ್ತಿ ಹಾಕುತ್ತಿದ್ದೀಯ ಅಂತ ಲೆಕ್ಕ. ಮುಷ್ಟಿ ಕಟ್ಟಿದಾಗಿನ ಗೆಣ್ಣುಗಳ ಹಾಗೆ ಎದ್ದು ಕಂಡರೆ ಕಮ್ಮಿಯಾಗಿದೆ.

ಇನ್ನೊಂದು ಮಾತು. ಊಟ ಬಿಟ್ಟು ವಾಂತಿ ಮಾಡಿಕೊಂಡರೆ, ಭೇದಿಯಲ್ಲಿ ರಕ್ತ ಕಂಡರೆ, ಅದು ಆಹಾರದ್ದು ಅಂದುಕೊಂಡು ಮನೆಮದ್ದು ಮಾಡುತ್ತಾ ಕೂರಬೇಡ. ಪಾರ್ವೋ ಅಂತ ಮರಿಗಳ ಜೀವಕ್ಕೇ ಕುತ್ತು ತರುವ ವೈರಸ್ ರೋಗ ಇರಬಹುದು. ಬೆಳಗಾಗಲಿ ಅಂತ ಕಾಯದೆ ಡಾಕ್ಟರ ಹತ್ತಿರ ಎತ್ತಿಕೊಂಡು ಓಡು. ಲಸಿಕೆ, ಜಂತುಹುಳದ ಔಷಧಿ ಯಾವಾಗ ಅಂತ ಈ ವಾರವೇ ಕೇಳಿ ಬರೆದಿಟ್ಟುಕೋ.

ಪ್ಯಾಕೆಟ್ ತಂದ ಮೇಲೆ ಅದರ ಹಿಂಭಾಗದ ಫೋಟೋ ಕಳಿಸು, ನಾನೂ ಕನ್ನಡಕ ಹಾಕಿಕೊಂಡು ಒಂದು ಸಲ ಓದುತ್ತೇನೆ. ಮರಿಗೆ ಏನು ಹೆಸರಿಟ್ಟಿರಿ ಅಂತ ಹೇಳಲೇ ಇಲ್ಲ.

ಇಂತಿ ನಿನ್ನ,
ದೊಡ್ಡಮ್ಮ